ಖಾಯಂ ವಿಳಾಸ

ನನ್ನ ಕೆಲಸ ಬರೆಯುವುದು.
ಕಾರವಾರದ ದೊಡ್ಡಾಸ್ಪತ್ರೆಯ ಹಿಂಬದಿ, ಜನರೇಟರಿನ ಪಕ್ಕದ ಕೋಣೆ,
ಉಪ್ಪುಗಾಳಿಗೆ ತುಕ್ಕು ತಿಂದ ಕಪಾಟು, ದಪ್ಪ ರಟ್ಟಿನ ರಿಜಿಸ್ಟರು.
ಹೆಸರು. ವಯಸ್ಸು. ತಂದೆಯ ಹೆಸರು.
ಖಾಯಂ ವಿಳಾಸ. ಹಾಲಿ ವಿಳಾಸ.
ತುದಿಗೊಂದು ಸಣ್ಣ ಚೌಕ, ಅದರಲ್ಲಿ ಕಾರಣ.
ಎರಡು ಶಬ್ದ ಹಿಡಿಸಿದರೆ ಹೆಚ್ಚು.

ಧಾರವಾಡದಿಂದ ಬಂದಿದ್ದಳು ಪುಷ್ಪಾವತಿ ಹಾದಿಮನಿ,
ಲ್ಯಾಪ್‌ಟಾಪು, ಕೊಡೆ, ಬುತ್ತಿಯಲ್ಲಿ ರೊಟ್ಟಿ.
ಹನ್ನೊಂದು ದಿನ ಕೂತು ನನ್ನ ಕೋಳಿಕಾಲಿನ ಅಕ್ಷರ ಓದಿದಳು.
ಬೋಟಿನ ಕೆಲಸಕ್ಕೆಂದು ದೂರದಿಂದ ಬಂದು
ತಾವಾಗೇ ಹೊರಟುಹೋದವರ ಲೆಕ್ಕ ಅವಳಿಗೆ ಬೇಕಿತ್ತು.
"ಊರು ಬಿಟ್ಟವರು ಊರಿನ ದರ ಬಿಡೂದಿಲ್ರಿ ಅಕ್ಕಾರ.
ಅಲ್ಲಿ ಹೆಚ್ಚಿದ್ರ ಇಲ್ಲೂ ಹೆಚ್ಚು, ಅಲ್ಲಿ ಕಡಿಮಿದ್ರ ಇಲ್ಲೂ ಕಡಿಮಿ.
ಹೊರದೇಶದಾಗ ಹಂಗ ಅಂತಾರ.
ಇಲ್ಲಿ ಹೆಂಗೈತೋ ನೋಡ್ಬೇಕು."

ದರ.
ನನಗೆ ಗೊತ್ತಿದ್ದದ್ದು ಬಂಗಡೆಯ ದರ,
ಬೈತಖೋಲದ ದಕ್ಕೆಯಲ್ಲಿ ಬುಟ್ಟಿಗಿಷ್ಟು ಎಂದು ಕೂಗುವಂಥದ್ದು.
ಇವಳದು ಲಕ್ಷಕ್ಕಿಷ್ಟು.
ಲಕ್ಷಕ್ಕೊಬ್ಬ,
ಯಾರ ಲಕ್ಷ್ಯದಲ್ಲೂ ಇಲ್ಲದವ.

ಹಾಗಾದರೆ ಎಲ್ಲಿಟ್ಟುಕೊಂಡು ಬರುತ್ತಾರೆ ಅದನ್ನು?
ಶಿರವಾಡ ಸ್ಟೇಷನ್ನಿನಲ್ಲಿ ಇಳಿಯುವವರನ್ನು ನೋಡಿದ್ದೇನೆ.
ಹೊಲಿಗೆ ಬಿಟ್ಟ ಚೀಲ, ಬಾಟಲಿಯಲ್ಲಿ ಸಾಸಿವೆ ಎಣ್ಣೆ,
ಸುತ್ತಿ ಕಟ್ಟಿದ ಕಂಬಳಿ, ಈ ಸೆಖೆಯ ಊರಿಗೆ ಕಂಬಳಿ!
ಪೊಲೀಸರು ಚೀಲ ಕೊಡವಿದರೂ ಬೀಳುವುದು ಇಷ್ಟೇ.

ನೂರ ನಲವತ್ತೆರಡನೆಯ ಪುಟ. ಟೇಕ್ ಬಹಾದುರ್ ಪುನ್, ಇಪ್ಪತ್ತಾರು.
ಹಾಲಿ ವಿಳಾಸ, ಒಂದು ಬೋಟಿನ ನಂಬರು.
ಖಾಯಂ ವಿಳಾಸ ಕೇಳಲಿಕ್ಕೆ
ಅವನ ಫೋನಿನಲ್ಲಿ 'ಆಮಾ' ಎಂದಿದ್ದ ನಂಬರಿಗೆ ನಾನೇ ಹಚ್ಚಿದೆ,
ಐಸ್ ಪ್ಲಾಂಟಿನ ನೇಪಾಳಿ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು.
ಬಹಳ ಹೊತ್ತು ಅವಳು ಏನೂ ಕೇಳಲಿಲ್ಲ.
ಆಮೇಲೆ ಕೇಳಿದ್ದು, ಆ ದಿನ ಅವನು ಉಂಡಿದ್ದನೇ.
ಹುಡುಗ ನನ್ನ ಮುಖ ನೋಡಿದ.
ಆ ಉತ್ತರ ಡಾಕ್ಟರರ ಹಾಳೆಯಲ್ಲಿತ್ತು,
ತಾಯಿಗೆ ಓದಿ ಹೇಳುವಂಥದ್ದಲ್ಲ.
ಉಂಡಿದ್ದ ಅಂತ ಹೇಳು, ಎಂದೆ.

ಖಾಯಂ ಎಂಬ ಮಾತಿಗೆ ನಗುವವಳು ನಾನು.
ನಮ್ಮ ಅಂಗಳವಿದ್ದಲ್ಲಿ ಈಗ ನೌಕಾನೆಲೆಯ ಬೇಲಿ.
ಪುನರ್ವಸತಿ ಕಾಲನಿಯ ಶೀಟಿನ ಮನೆಯೆದುರು ಬಾಬಾ
ಎರಡು ವರ್ಷ ಸಮುದ್ರಕ್ಕೆ ಬೆನ್ನು ಹಾಕಿ ಕೂತ.
ಒಂಬತ್ತೇ ಕಿಲೋಮೀಟರು. ವಲಸೆ ಅನ್ನುತ್ತೀರೇನು ಅದಕ್ಕೆ?
ಅವನು ಹೋದದ್ದು ಯಾವ ಊರಿನ ದರದಲ್ಲಿ ಬರೆಯಲಿ,
ಹಳೆಯದರಲ್ಲೋ, ಹೊಸದರಲ್ಲೋ?
ಪುಷ್ಪಾವತಿಯ ಬೆರಳು ಕೀಲಿಯ ಮೇಲೆಯೇ ನಿಂತಿತು.
ಆಮೇಲೆ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು.

ಕೊನೆಯ ದಿನ ಅವಳನ್ನು ದಕ್ಕೆಗೆ ಕರೆದೊಯ್ದೆ.
ಮೇ ಮೂವತ್ತೊಂದು, ನಾಳೆಯಿಂದ ಬೋಟು ಬಂದ್.
ಬಲೆ ಮಡಚುತ್ತಿದ್ದ ಬುಧ್ವಾ ಓರಾಂವ್‌ನನ್ನು ತೋರಿಸಿದೆ.
ಹೋದ ವರ್ಷ ಒಂದು ಸಂಜೆ
ಕಂಬಳಿ ಮಡಚಿಟ್ಟು, ಸಾಲದ ಇನ್ನೂರು ರೂಪಾಯಿ ದಿಂಬಿನಡಿ ಇಟ್ಟು
ಹೊರಟೇಬಿಟ್ಟಿದ್ದ ಅವನು.
ದಾರಿಯಲ್ಲಿ ಸೇವಂತಿ ಹರಿಕಂತ್ರ, ಎದುರು ಸಿಕ್ಕ ಎಲ್ಲರಿಗೂ ಕೇಳುವಂತೆ,
"ಜೆವ್ಲೊ ರೆ?" ಎಂದಳು.
ಕೊಂಕಣಿ ಬಾರದ ಬುಧ್ವಾ
ಬುಟ್ಟಿ ಎತ್ತಲಿಕ್ಕೆ ಕರೆದಳೆಂದು ತಿಳಿದ.
ಎತ್ತಿಕೊಂಡ. ಅವಳ ಮನೆ ಕೋಡಿಬಾಗದಾಚೆ.
ಅಷ್ಟು ದೂರ ಹೊತ್ತವನಿಗೆ ಉಣ್ಣದೆ ಹೋಗು ಅನ್ನುವುದುಂಟೇ?
ಅನ್ನವಿತ್ತು, ತಾರ್ಲೆ ಸಾರಿತ್ತು,
ಅಡ್ಡಗೋಡೆಯ ಆಚೆ ಮೊಮ್ಮಗನ ಮಗ್ಗಿ.

"ಇವನನ್ನ ಯಾವ ಸಾಲಿಗೆ ಹಾಕ್ತೀರಿ?" ಎಂದೆ.
"ಆಗದಿದ್ದದ್ದಕ್ಕ ಲೆಕ್ಕ ಇಲ್ರಿ," ಎಂದಳು.
ಎಂದವಳೇ ಬುಧ್ವಾನನ್ನು ಇನ್ನಷ್ಟು ಹೊತ್ತು ನೋಡಿದಳು.

ಅವಳ ಬಸ್ಸು ಹೋಯಿತು. ಮೋಡ ಕುರ್ಮಗಡದ ಮೇಲೆ ಬಂದಿತ್ತು.
"ಏ ಬರೆಯೋಳೇ, ಸುಮ್ಮನೆ ನಿಂತೀಯಲ್ಲ, ಕೈ ಹಚ್ಚು!"
ಸೇವಂತಿಬಾಯಿಯ ಬುಟ್ಟಿ.
ಅರ್ಧಕ್ಕರ್ಧ ಬರೀ ಐಸು,
ಆದರೂ ಭಾರ.